ಕಾರಟಗಿಯಿಂದ ದುಬೈಗೆ ಅಕ್ಕಿ: ಮೊದಲ ಕಂಟೇನರ್ ಹೊರಡೋ ಮುಂಚೆ ಏನೇನು ಸರಿಮಾಡ್ಕೋಬೇಕು?

ಕಾರಟಗಿ ಮಿಲ್
ಎಲ್ಲರಿಗೂ ನಮಸ್ಕಾರ. ದುಬೈ ಖರೀದಿದಾರರು ಹಳೇ ಸೋನಾ ಮಸೂರಿ ಕೇಳ್ಯಾರ. ಮೊದಲ ಸಲಕ್ಕೆ ಎರಡು 20 ಅಡಿ ಕಂಟೇನರ್: ಒಂದರಾಗ 50 ಕೆ.ಜಿ. ಚೀಲ, ಇನ್ನೊಂದರಾಗ 5 ಕೆ.ಜಿ. ಪ್ಯಾಕ್. ದುಬೈನ ಜೆಬೆಲ್ ಅಲಿ ಬಂದರಿಗೆ ಸಿಐಎಫ್ ದರ (ಕಡಲ ಬಾಡಿಗಿ, ವಿಮೆ ಕೂಡಿದ್ದು) ಕೊಡ್ರಿ ಅಂತಾರ. ಚೆನ್ನೈ ಬಂದರಿನಿಂದ ಕಳಿಸೋ ವಿಚಾರ ಐತಿ. ಇಲ್ಲಿತನಕ ಮರ್ಚೆಂಟ್ ಎಕ್ಸ್‌ಪೋರ್ಟರ್‌ಗೆ ಮಾರೋದು ಅಷ್ಟೇ, ಅವ್ರೇ ತಮ್ಮ ಹೆಸರಿನ್ಯಾಗ ಹೊರಗ ಕಳಿಸ್ತಿದ್ರು, ಈಗ ಗಿರಣಿ ಹೆಸರಿನ್ಯಾಗೇ ಕಳಿಸಬೇಕು. ಯಾವುದು ಮೊದಲು, ಯಾವುದು ಆಮ್ಯಾಲೆ, ಎಲ್ಲಿ ಕೈ ಕಚ್ಚತದ, ಬಿಡಿಸಿ ಹೇಳ್ರಿ. ಜೀನ್ಸ್, ಮೆಣಸಿನಕಾಯಿ ಕಳಿಸೋರು, ಹೊರಗಿನಿಂದ ಮಷೀನ್ ತರಿಸೋರು ಇದ್ರೂ ಬರೀರಿ, ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾದವ್ರಿಗೆ ಒಂದೇ ಕಡೆ ಸಿಗಲಿ.

ಶಿಪ್ಪಿಂಗ್ ಬಿಲ್, ಬಳ್ಳಾರಿ
ಸರ್, ಮೊದಲು ಕಾಗದ. ಬಂದರಿನ ಪಕ್ಕದ ಊರಿನವರು ಕಾಗದದ ತಪ್ಪನ್ನು ಅರ್ಧ ದಿನದಲ್ಲಿ ತಿದ್ದಿಕೊಳ್ಳುತ್ತಾರೆ. ನಮ್ಮ ಲಾರಿ ಐನೂರು ಕಿ.ಮೀ. ಮೀರಿ ಹೋಗಿ ನಿಂತಿರುತ್ತದೆ, ಅಲ್ಲಿ ನಿಂತ ಪ್ರತಿ ದಿನಕ್ಕೂ ಬಾಡಿಗೆ. ಆದ್ದರಿಂದ ಖಾಲಿ ಕಂಟೇನರ್ ಚೆನ್ನೈಯಿಂದ ಇತ್ತ ಹೊರಡುವ ಮುಂಚೆಯೇ ಕಡತ ಮುಗಿದಿರಬೇಕು.

ಐಇಸಿ (ಆಮದು ರಫ್ತು ಕೋಡ್) ತೆಗೆಸಿ, ವಿದೇಶ ವ್ಯಾಪಾರ ನಿರ್ದೇಶನಾಲಯದ ಡಿಜಿಎಫ್‌ಟಿ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ದೃಢೀಕರಿಸಲೇಬೇಕು, ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತಿನ ಅರ್ಜಿ) ಹಾಕಲು ಹೋದ ದಿನ. ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ಹಣ ಬರುವ ಬ್ಯಾಂಕಿನ ಗುರುತು ಸಂಖ್ಯೆ) ಪತ್ರ ತಂದು ಕಸ್ಟಮ್ಸ್ ಜಾಲತಾಣ ಐಸ್‌ಗೇಟ್‌ನಲ್ಲಿ ಸೇರಿಸಿ, ನೀವು ಕಳಿಸುವ ಬಂದರಿಗೆ ಅದು ಒಪ್ಪಿಗೆಯಾಗಿದೆಯೇ ಎಂದು ಕಣ್ಣಾರೆ ನೋಡಿ. ಕೃಷಿ ಉತ್ಪನ್ನ ರಫ್ತಿನ ಪ್ರಾಧಿಕಾರ ಅಪೆಡಾದ ಸದಸ್ಯತ್ವ ನೋಂದಣಿ ಪತ್ರ, ಆರ್‌ಸಿಎಂಸಿ ಬೇಕು. 2025ರ ಸೆಪ್ಟೆಂಬರ್ 24ರ ಅಧಿಸೂಚನೆಯಂತೆ ಬಾಸ್ಮತಿಯೇತರ ಅಕ್ಕಿಯ ಪ್ರತಿ ಒಪ್ಪಂದವನ್ನೂ ಅಪೆಡಾದಲ್ಲಿ ನೋಂದಾಯಿಸಿದ ಮೇಲೆಯೇ ರಫ್ತು. ಮರ್ಚೆಂಟ್ ಎಕ್ಸ್‌ಪೋರ್ಟರ್‌ಗೆ ಮಾರುತ್ತಿದ್ದಾಗ ಇದು ನಿಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ, ಅವರೇ ಮಾಡುತ್ತಿದ್ದರು.

ಇನ್ನು ಜಿಎಸ್‌ಟಿ. 25 ಕೆ.ಜಿ. ಮೀರಿದ ಚೀಲಕ್ಕೆ ತೆರಿಗೆ ಇಲ್ಲ. 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 2022ರ ಜುಲೈ 18ರಿಂದ ಶೇ 5. ನಿಮ್ಮ ಒಂದು ಕಂಟೇನರ್ ಆ ಕಡೆ, ಇನ್ನೊಂದು ಈ ಕಡೆ. ಗೊಂದಲವೇ ಬೇಡ, ಆರ್‌ಎಫ್‌ಡಿ 11 ನಮೂನೆಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹಾಕಿಡಿ. ಅದರ ಆಯಸ್ಸು ಮಾರ್ಚ್ 31ಕ್ಕೆ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಹೊಸದು.

ಹೆಚ್ಚಿನವರು ಎಡವುವುದು ಇನ್‌ವಾಯ್ಸ್ ಸಂಖ್ಯೆಯಲ್ಲಿ. ಕಸ್ಟಮ್ಸ್‌ಗೆ ಕೊಟ್ಟ ಇನ್‌ವಾಯ್ಸ್ ಒಂದು, ಜಿಎಸ್‌ಟಿಆರ್-1ರ 6ಎ ಕೋಷ್ಟಕದಲ್ಲಿ ತುಂಬಿದ್ದು ಇನ್ನೊಂದು. ನಡುವಿನ ಒಂದು ಅಡ್ಡಗೆರೆ ಬೇರೆಯಾದರೂ ಸಾಕು. ತೆರಿಗೆ ಕಟ್ಟಿ ರಫ್ತು ಮಾಡಿ ಮರುಪಾವತಿ ಕೇಳುವವರಿಗೆ ಆಗ ಎಸ್‌ಬಿ005 ಅಂತ ತಪ್ಪಿನ ಸಂಕೇತ ಬರುತ್ತದೆ, ದುಡ್ಡು ತಿಂಗಳುಗಟ್ಟಲೆ ನಿಲ್ಲುತ್ತದೆ. ಎಸ್‌ಬಿ003 ಬಂದರೆ ಜಿಎಸ್‌ಟಿ ಸಂಖ್ಯೆ ಹೊಂದಿಲ್ಲ ಎಂದು. ಎಸ್‌ಬಿ006 ಬಂದರೆ ತಪ್ಪು ನಿಮ್ಮದಲ್ಲ, ಒಳನಾಡಿನ ಕಂಟೇನರ್ ಡಿಪೋದಿಂದ ಹೋದ ಸರಕಿಗೆ ಕೊನೆಯ ಬಂದರಿನ ಇಜಿಎಂ (ಹಡಗು ಹೊತ್ತು ಹೋದ ಸರಕಿನ ಪಟ್ಟಿ) ಸೇರಿಲ್ಲ ಎಂದು. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋ ಮೂಲಕ ಕಳಿಸುವವರು ಶಿಪ್ಪಿಂಗ್ ಲೈನ್‌ನ ಬೆನ್ನು ಬಿದ್ದು ಅದನ್ನು ಸರಿಪಡಿಸಿಕೊಳ್ಳಬೇಕು.

ಗಂಗಾವತಿ ಲೋಡಿಂಗ್
ಕಾಗದದ ಮಾತು ಒಪ್ಪಿದೆ. ಈಗ ಕಂಟೇನರ್ ಬಗ್ಗೆ ಹೇಳ್ತೀನಿ ನೋಡ್ರಿ, ಅಕ್ಕಿ ಕೆಡೋದು ಹಡಗಿನ್ಯಾಗಲ್ಲ, ನಮ್ಮ ಗಿರಣಿ ಅಂಗಳದಾಗ ಕೆಡ್ತದ.

ಖಾಲಿ ಕಂಟೇನರ್ ಬಂದ ಕೂಡ್ಲೆ ಒಬ್ಬರು ಒಳಗೆ ನಿಂತು ಬಾಗಿಲು ಪೂರ್ತಿ ಮುಚ್ಚಿಸ್ಕೋರಿ. ಎರಡು ನಿಮಿಷ ನಿಂತ್ರ ಕಣ್ಣು ಕತ್ತಲಿಗೆ ಹೊಂದ್ಕೊಂತದ. ಸೂಜಿ ಮೊನೆಯಷ್ಟು ಬೆಳಕು ಕಂಡ್ರೂ ಅಲ್ಲಿ ನೀರು ಇಳೀತದ ಅಂತ ತಿಳ್ಕೋರಿ. ಆ ಪೆಟ್ಟಿಗೆ ವಾಪಸ್ ಕಳಿಸ್ರಿ, ಟೇಪ್ ಹಚ್ಚಿ ಸುಧಾರಿಸಬ್ಯಾಡ್ರಿ. ಬಾಗಿಲಿನ ರಬ್ಬರ್ ಹರಿದಿದ್ರೂ ಅದೇ ಮಾತು. ಕಟ್ಟಿಗೆ ನೆಲ ಮೂಸಿ ನೋಡ್ರಿ. ಹಿಂದಿನ ಸಲ ರಾಸಾಯನಿಕ, ಚರ್ಮ, ಮಸಾಲಿ ಹೋಗಿದ್ರ ವಾಸನಿ ಅಕ್ಕಿಗೆ ಹತ್ತತದ, ಹಳೇ ಸೋನಾ ಮಸೂರಿಗಂತೂ ಬೇಗ. ಹಲಗಿ ಹಸಿ ಇದ್ರ ಹೊರಗಿನಿಂದ ಗೊತ್ತಾಗೂದಿಲ್ಲ, ಆದ್ರ ಸಮುದ್ರದ ಮ್ಯಾಲೆ ಆ ನೀರೇ ಆವಿ ಆಗಿ ಮ್ಯಾಗಿನ ತಗಡಿಗೆ ಹತ್ತಿ ರಾತ್ರಿ ತಂಪಿಗೆ ಹನಿ ಹನಿ ಚೀಲದ ಮ್ಯಾಲೆ ಬೀಳತದ. ಮ್ಯಾಲಿನ ಸಾಲು ಬೂಷ್ಟು ಹಿಡಿಯೋದು ಹಿಂಗ.

ಅಕ್ಕಿ ತೇವಾಂಶ ಶೇ 14 ಮೀರಬಾರದು, 13ರೊಳಗ ಇದ್ರ ಒಳ್ಳೇದು. ಗ್ವಾಡಿಗೆ, ನೆಲಕ್ಕೆ ಕ್ರಾಫ್ಟ್ ಪೇಪರ್, ಮ್ಯಾಲಿನ ಸಾಲಿನ ಮ್ಯಾಗೂ ಒಂದು ಹಾಸು, ಗ್ವಾಡಿಗೆ ತೇವ ಹೀರೋ ಪಟ್ಟಿ ತೂಗಬಿಡ್ರಿ. ಮಳಿಗಾಲದಾಗ ಲೋಡ್ ಮಾಡೂವಾಗ ಬಾಗಿಲ ಮುಂದ ತಾಡಪತ್ರಿ ಚಪ್ಪರ ಇರಲಿ. ಹಮಾಲರಿಗೆ ಮೊದಲೇ ಹೇಳ್ರಿ: ಹುಕ್ ಹಾಕಬಾರದು. ಹರಿದ ಚೀಲ ಕಂಡ್ರ ಬಿಲ್ ಆಫ್ ಲೇಡಿಂಗ್ (ಬಿಎಲ್, ಹಡಗಿನವರು ಕೊಡೋ ಸರಕಿನ ರಸೀದಿ) ಮ್ಯಾಲೆ ಷರಾ ಬೀಳಬಹುದು, ಆಮ್ಯಾಲೆ ಬ್ಯಾಂಕ್ ತಕರಾರು ತಗೀತದ.

ತೂಕ: 500 ಚೀಲ ಅಂದ್ರ 25,000 ಕೆ.ಜಿ. ಪಿಪಿ ಚೀಲ ತಲಾ 120 ಗ್ರಾಂ ಹಿಡಿದ್ರ 60 ಕೆ.ಜಿ. ಕಂಟೇನರಿನ ಖಾಲಿ ತೂಕ ಬಾಗಿಲ ಮ್ಯಾಲೆ ಬರದಿರತದ, 2,250 ಅಂತ ಇಟ್ಕೋರಿ. ಒಟ್ಟು 27,310. ಇದೇ ವಿಜಿಎಂ, ಅಂದ್ರ ಖಚಿತ ಮಾಡಿದ ಒಟ್ಟು ತೂಕ. 2016ರ ಜುಲೈ 1ರಿಂದ ಇದು ಕೊಡದ ಹೊರತು ಹಡಗಿಗೆ ಏರಿಸೂದಿಲ್ಲ. ಇದರ ಮ್ಯಾಲೆ ಟ್ರೇಲರ್ ತೂಕ ಬ್ಯಾರೆ, ಆಕ್ಸಲ್ ಎಷ್ಟು ಅದಾವ ಅಂತ ಸಾಗಾಣಿಕೆಯವ್ರಿಗೆ ಮೊದಲೇ ಕೇಳ್ರಿ. ದಾರಿಯಾಗ ಹಿಡಿದು ಇಳಿಸು ಅಂದ್ರ ಸೀಲ್ ಒಡೀಬೇಕಾಗತದ.

5 ಕೆ.ಜಿ. ಪ್ಯಾಕಿಗೆ ಈ ಲೆಕ್ಕ ಹಿಡೀಬ್ಯಾಡ್ರಿ. ನಾಲ್ಕು ಪ್ಯಾಕ್ ಸೇರಿಸಿ 20 ಕೆ.ಜಿ. ಮಾಸ್ಟರ್ ಚೀಲ ಮಾಡಿದ್ರ ನಡುವ ಗಾಳಿ ಜಾಗ ಉಳೀತದ, 25 ಟನ್ ಹಿಡೀಲಿಕ್ಕಿಲ್ಲ. ಗೋದಾಮಿನ ನೆಲದ ಮ್ಯಾಲೆ ಕಂಟೇನರಿನ ಒಳ ಅಳತಿ ಸೀಮೆಸುಣ್ಣದಿಂದ ಗೀಚಿ ಒಂದು ಸಾಲು ಪೇರಿಸಿ ಎಣಿಸ್ರಿ. ಆಮ್ಯಾಲೆ ದರ ಕೊಡ್ರಿ.

ಕಾರಟಗಿ ಮಿಲ್
ಅಣ್ಣಾ, ಸೀಮೆಸುಣ್ಣದ ಮಾತು ಇವತ್ತೇ ಮಾಡ್ತೀವಿ. ಔಷಧ ಹೊಡೆಸೋದು ಗಿರಣಿಯಾಗೋ, ಚೆನ್ನೈಯಾಗೋ?

ಗಂಗಾವತಿ ಲೋಡಿಂಗ್
ಗಿರಣಿಯಾಗ, ಪ್ಯಾಕ್ ಮಾಡೋ ಮುಂಚೆ. ಕಾರಣ ಐತಿ. ನಿಮ್ಮ 5 ಕೆ.ಜಿ. ಪ್ಯಾಕ್ ಬಿಒಪಿಪಿ ಪ್ಲಾಸ್ಟಿಕ್ ಹಾಳಿಯದು, ಸಣ್ಣ ತೂತು ಇಲ್ಲದಿದ್ರ ಗ್ಯಾಸ್ ಒಳಗ ಸರಿಯಾಗಿ ಹೋಗೂದಿಲ್ಲ. ಹೊರಗಿನ ಹುಳ ಸಾಯ್ತದ, ಒಳಗಿನ ತತ್ತಿ ಉಳೀತದ, ಇಪ್ಪತ್ತು ದಿನಕ್ಕ ಅಂಗಡಿ ಕಪಾಟಿನ್ಯಾಗ ಹುಳ ಹರದಾಡ್ತದ. ಅಟ್ಟಿ ಮ್ಯಾಲೆ ಗ್ಯಾಸ್ ಹಿಡಿಯೋ ಹೊದಿಕಿ ಹಾಕಿ, ಸುತ್ತ ಉಸುಕಿನ ಚೀಲ ಒತ್ತಿ, ಅಲ್ಯೂಮಿನಿಯಂ ಫಾಸ್ಫೈಡ್ 5ರಿಂದ 7 ದಿನ ಬಿಡಬೇಕು. ಎರಡೇ ದಿನಕ್ಕ ತಗದ್ರ ದೊಡ್ಡ ಹುಳ ಅಷ್ಟೇ ಸತ್ತಿರತಾವ. ಮಾನ್ಯತೆ ಇರೋ ಸಂಸ್ಥೆಯಿಂದಲೇ ಮಾಡಿಸ್ರಿ, ಅವರ ಪ್ರಮಾಣಪತ್ರ ಇಲ್ಲದ ಫೈಟೋಸ್ಯಾನಿಟರಿ ಪತ್ರದ (ಸರಕಿನ್ಯಾಗ ಕೀಟ, ರೋಗ ಇಲ್ಲ ಅನ್ನೋ ಸರ್ಕಾರಿ ಪತ್ರ) ಕೆಲಸ ಮುಂದ ಹೋಗೂದಿಲ್ಲ. ಕಂಟೇನರಿನ್ಯಾಗೂ ಮತ್ತೊಮ್ಮೆ ಹಾಕಿದ್ರ ಬಾಗಿಲ ಮ್ಯಾಲೆ ಎಚ್ಚರಿಕಿ ಚೀಟಿ ಇರಲೇಬೇಕು. ಆ ಕಡೆ ಬಾಗಿಲು ತಗಿಯೋ ಕೂಲಿಯವರ ಜೀವದ ಮಾತು ಅದು.

ಅಮೆರಿಕಾಕ್ಕೆ ಕಳಿಸೋರಿಗೆ ಒಂದು ಮಾತು: ಖಾಪ್ರಾ ದುಂಬಿ ಇಲ್ಲ ಅಂತ ಫೈಟೋಸ್ಯಾನಿಟರಿ ಪ್ರಮಾಣಪತ್ರದ ಮ್ಯಾಲೆ ಬರಸಬೇಕು. ಆ ಹುಳ ಅನ್ನ ಇಲ್ಲದ ತಿಂಗಳುಗಟ್ಟಲೆ ಸಂದಿಯಾಗ ಕುಂತಿರತದ, ಅದಕ್ಕ ಬಳಸಿದ ಗೋಣಿಚೀಲ ಹತ್ರಾನೂ ಸೇರಿಸಬ್ಯಾಡ್ರಿ.

ಸಿರುಗುಪ್ಪ ರೈತ ಉತ್ಪಾದಕರ ಕಂಪನಿ
ಯುರೋಪ್ ಕಡೆ ನೋಡುವವರು ಔಷಧದ ವಿಷಯವನ್ನು ಗಿರಣಿಯಲ್ಲಲ್ಲ, ಹೊಲದಲ್ಲಿ ನೋಡಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೆಂಕಿರೋಗಕ್ಕೆ ಟ್ರೈಸೈಕ್ಲಜೋಲ್ ಹೊಡೆಯುವುದು ರೂಢಿ. 2018ರಿಂದ ಯುರೋಪಿನಲ್ಲಿ ಅಕ್ಕಿಗೆ ಅದರ ಮಿತಿ ಕೆ.ಜಿ.ಗೆ 0.01 ಮಿ.ಗ್ರಾಂ. ತೆನೆ ಹೊರಡುವಾಗ ಹೊಡೆದ ಗದ್ದೆಯ ಭತ್ತ ಈ ಮಿತಿಯೊಳಗೆ ಬರುವುದು ಕಷ್ಟ. ಹತ್ತು ಗದ್ದೆಯ ಭತ್ತ ಒಂದೇ ಹಗೇವಿನಲ್ಲಿ ಬೆರೆತರೆ ಒಂದರ ತಪ್ಪು ಎಲ್ಲಕ್ಕೂ. ಯುರೋಪಿಗೆ ಬೇಕಾದರೆ ನಾಟಿಗೆ ಮುಂಚೆಯೇ ರೈತರೊಡನೆ ಮಾತಾಗಿ, ಆ ಭತ್ತಕ್ಕೆ ಬೇರೆ ರಾಶಿ, ಬೇರೆ ಚೀಲ, ಬೇರೆ ಹಲ್ಲಿಂಗ್ ದಿನ ಇಡಬೇಕು.

ಶಿಪ್ಪಿಂಗ್ ಬಿಲ್, ಬಳ್ಳಾರಿ
ಒಪ್ಪಂದದ ಬಗ್ಗೆ ಯಾರೂ ಬರೆಯಲಿಲ್ಲ. ಅಕ್ಕಿಯಲ್ಲಿ ದೊಡ್ಡ ಅಪಾಯ ಹುಳವೂ ಅಲ್ಲ, ತೂಕವೂ ಅಲ್ಲ, ನೀತಿ ಬದಲಾವಣೆ. ಸಾಲಾಗಿ ನೋಡಿ: 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಿನ ರಫ್ತು ನಿಷೇಧ. 2023ರ ಜುಲೈ 20ಕ್ಕೆ ಬಾಸ್ಮತಿಯೇತರ ಬೆಳ್ತಿಗೆ ಅಕ್ಕಿ ಪೂರ್ತಿ ನಿಷೇಧ. ಆಗಸ್ಟ್ 25ಕ್ಕೆ ಕುಸುಬಲಕ್ಕಿಗೆ ಶೇ 20 ರಫ್ತು ಸುಂಕ. 2024ರ ಸೆಪ್ಟೆಂಬರ್ 28ಕ್ಕೆ ನಿಷೇಧ ತೆರವು, ಆದರೆ ಟನ್ನಿಗೆ ಕನಿಷ್ಠ 490 ಡಾಲರ್ ದರ. ಅಕ್ಟೋಬರ್ 23ಕ್ಕೆ ಆ ಕನಿಷ್ಠ ದರವೂ ಹೋಯಿತು. ನುಚ್ಚು ಬಿಡುಗಡೆಯಾದದ್ದು 2025ರ ಮಾರ್ಚ್‌ನಲ್ಲಿ.

ಜುಲೈ 20ರ ಆದೇಶದಲ್ಲಿ ವಿನಾಯಿತಿ ಇದ್ದದ್ದು ಹಡಗಿಗೆ ತುಂಬಲು ಆರಂಭವಾಗಿದ್ದ, ಇಲ್ಲವೇ ಕಸ್ಟಮ್ಸ್ ವಶಕ್ಕೆ ಸೇರಿದ್ದಂಥ ಸರಕಿಗೆ. ಗಿರಣಿ ಬಿಟ್ಟು ದಾರಿಯಲ್ಲಿರುವ ಲಾರಿ ಈ ಲೆಕ್ಕಕ್ಕೆ ಬರುವುದಿಲ್ಲ. ಬಂದರಿರುವ ಕಾಕಿನಾಡದವರಿಗೂ ದೂರದ ಕಾರಟಗಿಯವರಿಗೂ ಇರುವ ವ್ಯತ್ಯಾಸ ದಾರಿಯ ಆ ಎರಡು ದಿನ. ಆದ್ದರಿಂದ ಒಪ್ಪಂದದಲ್ಲಿ ಎರಡು ಸಾಲು ಕಡ್ಡಾಯ: ಸರ್ಕಾರ ನಿಷೇಧಿಸಿದರೆ ಮಾರಾಟಗಾರನಿಗೆ ದಂಡವಿಲ್ಲ, ಹೊಸ ಸುಂಕ ಬಂದರೆ ಅದು ಖರೀದಿದಾರನ ಲೆಕ್ಕ. ಆರು ತಿಂಗಳ ಮುಂದಿನ ಸರಕಿಗೆ ಒಂದೇ ದರ ಕಟ್ಟಿಕೊಳ್ಳಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಬೆಳೆಯ ಲೆಕ್ಕವೇ ಒಂದು ವಾರ ತೂಗಾಡಿತು. ನಮ್ಮ ಮಾಲು ನೀರನ್ನು ನಂಬಿದ ಮಾಲು.

ರಾಯಚೂರು ಬ್ಯಾಂಕ್ ಡೆಸ್ಕ್
ಹಣದ ವಿಷಯ. ಸಿಐಎಫ್ ಕೊಡಿ ಎಂದರೆ ಕಡಲ ಬಾಡಿಗೆಯೂ ವಿಮೆಯೂ ನಿಮ್ಮ ತಲೆಗೆ. 2023ರ ಕೊನೆಯಿಂದ ಕೆಂಪು ಸಮುದ್ರದ ಗಲಾಟೆಯಲ್ಲಿ ಬಾಡಿಗೆ ವಾರಕ್ಕೊಂದು ಥರ ಏರಿಳಿದದ್ದು ಎಲ್ಲರಿಗೂ ಗೊತ್ತು. ಮೊದಲ ಸಲಕ್ಕೆ ಎಫ್‌ಸಿಎ ಕೇಳಿ ನೋಡಿ. ಕಂಟೇನರ್ ಸರಕಿಗೆ ಎಫ್‌ಒಬಿಗಿಂತ ಅದೇ ಸರಿ: ಸರಕನ್ನು ಟರ್ಮಿನಲ್ಲಿಗೆ ಒಪ್ಪಿಸಿದ ಕೂಡಲೇ ನಿಮ್ಮ ಹೊಣೆ ಮುಗಿಯುತ್ತದೆ, ಹಡಗಿಗೆ ಏರುವ ತನಕ ಕಾಯಬೇಕಿಲ್ಲ. ಸಿಐಎಫ್ ಬಿಟ್ಟು ಬೇರೆ ದಾರಿ ಇಲ್ಲ ಎಂದಾದರೆ ದರಪತ್ರದ ಮೇಲೆ ಏಳು ದಿನದ ಗಡುವು ಹಾಕಿ.

ಎಲ್‌ಸಿ (ಖರೀದಿದಾರನ ಬ್ಯಾಂಕ್ ಕೊಡುವ ಹಣದ ಖಾತರಿ ಪತ್ರ) ಬಂದರೆ ಮೊದಲು ಪ್ರಮಾಣದ ಸಾಲು ಓದಿ. ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮ ಯುಸಿಪಿ 600ರ 30ನೇ ವಿಧಿಯಂತೆ ಪ್ರಮಾಣದಲ್ಲಿ ಶೇ 5 ಹೆಚ್ಚುಕಡಿಮೆಗೆ ಅವಕಾಶವಿದೆ, ಒಟ್ಟು ಮೊತ್ತ ಮಾತ್ರ ಮೀರಬಾರದು. ಆದರೆ ಚೀಲದ ಎಣಿಕೆಯಲ್ಲಿ ಬರೆದಿದ್ದರೆ ಆ ಅವಕಾಶ ಇಲ್ಲ. ‘25 ಟನ್’ ಎಂದು ಬರೆಸಿದರೆ 24.8 ಟನ್ ಹೋದರೂ ನಡೆಯುತ್ತದೆ. ‘500 ಚೀಲ’ ಎಂದಿದ್ದರೆ 499 ತಪ್ಪು. ಹಡಗಿಗೆ ಏರಿದ ದಿನದಿಂದ 21 ದಿನದೊಳಗೆ, ಎಲ್‌ಸಿ ಅವಧಿಯೂ ಮುಗಿಯದಂತೆ, ದಾಖಲೆ ಬ್ಯಾಂಕಿಗೆ ಸೇರಬೇಕು. ಬ್ಯಾಂಕಿಗೆ ಪರಿಶೀಲನೆಗೆ ಐದು ಕೆಲಸದ ದಿನ. ಚೆನ್ನೈಯಿಂದ ಜೆಬೆಲ್ ಅಲಿ ಹತ್ತಿರದ ದಾರಿ, ಕಾಗದಕ್ಕಿಂತ ಮೊದಲು ಸರಕು ಮುಟ್ಟುವುದೇ ಹೆಚ್ಚು. ಕಾಗದ ತಡವಾದರೆ ಅಲ್ಲಿ ಕಂಟೇನರ್ ಬಾಡಿಗೆ ಏರುತ್ತದೆ, ಆಗ ಖರೀದಿದಾರ ದರ ಇಳಿಸು ಎನ್ನುತ್ತಾನೆ.

ಎಲ್‌ಸಿ ಇಲ್ಲದೆ ಮುಂಗಡ ಶೇ 30, ಉಳಿದದ್ದು ಬಿಎಲ್ ಪ್ರತಿ ನೋಡಿ ಎಂದು ಒಪ್ಪಿದರೆ, ಬಿಎಲ್ ‘ಟು ಆರ್ಡರ್’ (ನೇರ ಖರೀದಿದಾರನ ಹೆಸರಿಗಲ್ಲ) ಇರಲಿ, ಮೂಲ ಪ್ರತಿ ಮೂರೂ ನಿಮ್ಮ ಕೈಯಲ್ಲೇ ಇರಲಿ. ಖರೀದಿದಾರ ಹಣ ಕೊಡದಿದ್ದರೆ ನೆರವಾಗುವ ಇಸಿಜಿಸಿ ವಿಮಾ ಪಾಲಿಸಿಗೆ ಖರೀದಿದಾರನ ಹೆಸರಿನ ಮೇಲೆ ಮಿತಿ ಮಂಜೂರಾಗಬೇಕು, ಅದಕ್ಕೆ ದಿನ ಹಿಡಿಯುತ್ತದೆ, ಸರಕು ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ. ಬ್ಯಾಂಕ್ ಖಾತೆ ಬದಲಾಗಿದೆ ಎಂದು ಯಾವ ಕಡೆಯಿಂದ ಇಮೇಲ್ ಬಂದರೂ, ಮೊದಲಿನಿಂದ ಗೊತ್ತಿರುವ ಫೋನಿಗೆ ಕರೆ ಮಾಡಿ ಕಿವಿಯಾರೆ ಕೇಳದೆ ಹಣ ಹಾಕಬೇಡಿ, ಹಾಕಿಸಬೇಡಿ. ರಫ್ತಿನ ಹಣ ತರಿಸಿಕೊಳ್ಳುವ ಗಡುವು 9 ತಿಂಗಳಿದ್ದದ್ದನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ಏರಿಸಿದೆ.

ಸಿಂಧನೂರು ಒಣಮೆಣಸು
ಮೆಣಸಿನಕಾಯಿ ಕಳಿಸೋರಿಗೆ ಅಪೆಡಾ ಅಲ್ರಿ, ಸ್ಪೈಸಸ್ ಬೋರ್ಡಿನ ಸಿಆರ್‌ಇಎಸ್ (ಮಸಾಲಿ ರಫ್ತುದಾರರ ನೋಂದಣಿ) ಬೇಕು. ಮಾಲು ತಿರುಗಿ ಬರೋದು ಹೆಚ್ಚಾಗಿ ಬೂಷ್ಟಿನಿಂದ ಹುಟ್ಟೋ ವಿಷ ಅಫ್ಲಾಟಾಕ್ಸಿನ್‌ಗೆ. ಯುರೋಪಿನ ಮಿತಿ ಕೆ.ಜಿ.ಗೆ ಬಿ1 ಅನ್ನೋ ಬಗೆ 5 ಮೈಕ್ರೋಗ್ರಾಂ, ಎಲ್ಲಾ ಬಗೆ ಕೂಡಿ 10.

ಇದು ಎಲ್ಲಿ ಹುಟ್ಟತದ? ಕಣದಾಗ. ಬರೇ ನೆಲದ ಮ್ಯಾಲೆ ಹರವಿ, ರಾತ್ರಿ ಇಬ್ಬನಿಗೆ ಬಿಟ್ರ ಬೂಷ್ಟು ಹಿಡೀತದ. ಇನ್ನೊಂದು, ಒಣಗಿದ ಕಾಯಿ ಚೀಲಕ್ಕ ತುಂಬೂವಾಗ ಮುರೀಬಾರದು ಅಂತ ನೀರು ಚಿಮುಕಿಸಿ ತುಳಿಯೋ ರೂಢಿ. ತೂಕಾನೂ ಬರತದ, ಕಾಯಿನೂ ಮೆತ್ತಗಾಗತದ, ಆದ್ರ ಚೀಲದ ನಡುವ ಆ ತೇವ ಆರೂದಿಲ್ಲ. ಕೋಲ್ಡ್ ಸ್ಟೋರೇಜಿನ್ಯಾಗ ಇಟ್ರ ಬೂಷ್ಟು ನಿಲ್ಲತದ, ಆಗಲೇ ಕೂಡಿದ ವಿಷ ಕಡಿಮಿ ಆಗೂದಿಲ್ಲ. ಖರೀದಿ ಮಾಡೂವಾಗ ಕೈಯನ್ನ ಚೀಲದ ನಡುವಿನತನಕ ಹಾಕಿ ನೋಡ್ರಿ, ಕಾಯಿ ಸೀಳಿದ್ರ ಒಳಗ ಬೂದಿ ಬಣ್ಣದ ಪುಡಿ ಕಂಡ್ರ ಆ ಲಾಟು ಬಿಡ್ರಿ.

ಮಾದರಿ ತಗಿಯೋದರಾಗ ಭಾಳ ಮಂದಿ ತಪ್ಪತಾರ. ಈ ವಿಷ ಎಲ್ಲಾ ಚೀಲದಾಗ ಸಮ ಇರೂದಿಲ್ಲ. ಒಂದು ಚೀಲದಿಂದ ಅರ್ಧ ಕೆ.ಜಿ. ಕಳಿಸಿ ಪಾಸಾತು ಅಂದ್ರ ಆ ಅರ್ಧ ಕೆ.ಜಿ. ಅಷ್ಟೇ ಪಾಸು. ಹತ್ತಾರು ಚೀಲದ ಮ್ಯಾಲೆ, ನಡು, ತಳ, ಮೂರೂ ಕಡೆಯಿಂದ ಹಿಡಿ ಹಿಡಿ ತಗದು, ಎಲ್ಲಾ ಕೂಡಿಸಿ ಪುಡಿ ಮಾಡಿ, ಚೆನ್ನಾಗಿ ಕಲಸಿ, ಅದರಾಗ ಲ್ಯಾಬಿನ ಪಾಲು ತಗೀರಿ. ಬಣ್ಣದ ಗಾಢತೆಗೆ ಎಎಸ್‌ಟಿಎ, ಕಲಬೆರಕಿ ಸುಡಾನ್ ಬಣ್ಣ, ಕೀಟನಾಶಕ, ಎಥಿಲೀನ್ ಆಕ್ಸೈಡ್ ಪರೀಕ್ಷೆ ಅದರ ಜೋಡಿನೇ ಮಾಡಿಸ್ರಿ. ಬ್ಯಾಡಗಿ ಕಾಯಿ ಹಗುರ, ಕಂಟೇನರ್ ತುಂಬತದ, ತೂಕ ತುಂಬೂದಿಲ್ಲ. ಕೆ.ಜಿ. ಲೆಕ್ಕದಾಗ ಬಾಡಿಗೆ ಹಂಚೂವಾಗ ಅಕ್ಕಿ ಲೆಕ್ಕ ತರಬ್ಯಾಡ್ರಿ.

ಬಳ್ಳಾರಿ ವಾಷಿಂಗ್
ಜೀನ್ಸ್ ಬಗ್ಗೆ ಚಿಕ್ಕದಾಗಿ ಬರೀತೀನಿ. ನಮ್ಮೂರ ಪ್ಯಾಂಟು ದೇಶದೊಳಗೆ ಚೆನ್ನಾಗಿ ಓಡುತ್ತೆ, ಹೊರಗೆ ಕಳಿಸುವಾಗ ಹೊಲಿಗೆಯಲ್ಲಿ ಸೋಲುವುದಿಲ್ಲ, ವಾಷಿಂಗ್‌ನಲ್ಲಿ ಮತ್ತು ಗುಂಡಿಯಲ್ಲಿ ಸೋಲ್ತೀವಿ. ಬ್ಲೀಚ್ ಆದ ಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಕ್ಲೋರಿನ್ ಪೂರ್ತಿ ತೆಗೆಯದಿದ್ದರೆ ಪೆಟ್ಟಿಗೆಯೊಳಗೆ ಬಟ್ಟೆ ಹಳದಿ ತಿರುಗುತ್ತೆ, ಮೊಣಕಾಲ ಹತ್ತಿರ ನೂಲು ಕೈಗೆ ಬರುತ್ತೆ. ಪರ್ಮಾಂಗನೇಟ್ ಸ್ಪ್ರೇ ಆದ ಜಾಗ ತಟಸ್ಥ ಮಾಡದಿದ್ದರೆ ಕಂದು ಕಲೆ. ಯುರೋಪಿಗೆ ಆಜೋ ಬಣ್ಣದ ಅಮೀನ್ ಕೆ.ಜಿ.ಗೆ 30 ಮಿ.ಗ್ರಾಂ ಮೀರಬಾರದು. ಗುಂಡಿ, ರಿವೆಟ್‌ಗಳಿಂದ ನಿಕಲ್ ಬಿಡುಗಡೆ ವಾರಕ್ಕೆ ಚದರ ಸೆಂ.ಮೀ.ಗೆ 0.5 ಮೈಕ್ರೋಗ್ರಾಂ ಒಳಗಿರಬೇಕು. ಅಗ್ಗದ ಗುಂಡಿ ಇಲ್ಲೇ ಫೇಲಾಗೋದು, ಬಟ್ಟೆ ಕತ್ತರಿಸುವ ಮುಂಚೆಯೇ ಗುಂಡಿ ಪರೀಕ್ಷೆ ಮಾಡಿಸಿ.

ಡ್ರೈಯರ್‌ನಿಂದ ತೆಗೆದ ಬಿಸಿ ಪ್ಯಾಂಟನ್ನು ಕೂಡಲೇ ಪಾಲಿಥೀನ್‌ಗೆ ಹಾಕಬೇಡಿ, ಸೊಂಟದ ಪಟ್ಟಿ ಮತ್ತು ಜೇಬಿನ ಮಡಿಕೆ ಒಳಗೆ ತೇವ ಉಳಿದಿರುತ್ತೆ. ಯುಎಇಗೆ 2022ರ ಮೇ 1ರಿಂದ ಸೆಪಾ ಅನ್ನೋ ವ್ಯಾಪಾರ ಒಪ್ಪಂದ ಇದೆ, ಆ ಒಪ್ಪಂದದ್ದೇ ಮೂಲ ದೇಶದ ಪ್ರಮಾಣಪತ್ರ ಕೊಟ್ಟರೆ ಅಲ್ಲಿನ ಶೇ 5 ಸುಂಕ ತಪ್ಪುತ್ತೆ. ಸಾಮಾನ್ಯ ಪ್ರಮಾಣಪತ್ರ ಕೊಟ್ಟು ಆಮೇಲೆ ಬದಲಿಸೋಕೆ ಓಡಾಡ್ಬೇಡಿ. ಒಳಗೆ ಕಟ್ಟಿದ ತೆರಿಗೆ ವಾಪಸ್ ಕೊಡುವ ಯೋಜನೆಗಳಲ್ಲಿ ನಮಗೆ ರೋಡ್‌ಟೆಪ್ ಅಲ್ಲ, ಆರ್‌ಒಎಸ್‌ಸಿಟಿಎಲ್. ಶಿಪ್ಪಿಂಗ್ ಬಿಲ್‌ನಲ್ಲೇ ಅದನ್ನು ಕೇಳಿರಬೇಕು.

ಕಿನ್ನಾಳ
ಕಿನ್ನಾಳದ ಬೊಂಬೆ ಹೊರದೇಶಕ್ಕೆ ಕಳಿಸೋಕೂ ಇಷ್ಟೆಲ್ಲ ಬೇಕೇನ್ರಿ? ಹತ್ತು, ಹದಿನೈದು ತುಂಡು ಅಷ್ಟೇ.

ಶಿಪ್ಪಿಂಗ್ ಬಿಲ್, ಬಳ್ಳಾರಿ
ಇಲ್ಲ, ಕಂಟೇನರ್ ಬೇಡ. ಐಇಸಿ ಸಾಕು, ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರದಿಂದ ಪಾರ್ಸೆಲ್ ಆಗಿ ಹೋಗುತ್ತದೆ. ಎರಡು ಎಚ್ಚರಿಕೆ. ಅಮೆರಿಕಾದಲ್ಲಿ ಮಕ್ಕಳ ಆಟಿಕೆ ಎಂದು ಮಾರಿದರೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು, ಲ್ಯಾಬ್ ವರದಿ ಬೇಕು. ಕಟ್ಟಿಗೆ ಪೆಟ್ಟಿಗೆಯಲ್ಲಿ ಕಟ್ಟಿದರೆ ಆ ಹಲಗೆಗೆ ಐಎಸ್‌ಪಿಎಂ 15 ಮುದ್ರೆ ಇರಬೇಕು, ಅಂದರೆ ಕಟ್ಟಿಗೆಯ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಗಟ್ಟಿ ರಟ್ಟಿನ ಪೆಟ್ಟಿಗೆ ಬಳಸಿದರೆ ಈ ತಂಟೆಯೇ ಇಲ್ಲ.

ಕಾರಟಗಿ ಮಿಲ್
ಕಲರ್ ಸಾರ್ಟರ್ ಚೀನಾದಿಂದ ತರಸೋ ಯೋಚನಿನೂ ಐತಿ. ಅದರ ಲೆಕ್ಕ ಯಾರಾದ್ರೂ ಹೇಳ್ತೀರೇನು?

ಶಿಪ್ಪಿಂಗ್ ಬಿಲ್, ಬಳ್ಳಾರಿ
ಧಾನ್ಯ ವಿಂಗಡಿಸುವ ಯಂತ್ರ ಕಸ್ಟಮ್ಸ್ ಸುಂಕ ಪಟ್ಟಿಯ 8437ರ ಅಡಿ ಬರುತ್ತದೆ. ಲೆಕ್ಕದ ರೀತಿ ತೋರಿಸುತ್ತೇನೆ, ಆ ದಿನದ ದರವನ್ನು ಕಸ್ಟಮ್ಸ್ ಬ್ರೋಕರ್ ಹತ್ತಿರ ಖಚಿತ ಮಾಡಿಕೊಳ್ಳಿ. ಸಿಐಎಫ್ ಬೆಲೆ 10,00,000 ರೂ., ಮೂಲ ಸುಂಕ ಶೇ 7.5 ಎಂದಿಟ್ಟರೆ 75,000. ಅದರ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ 7,500. ಮೂರೂ ಸೇರಿ 10,82,500, ಅದರ ಮೇಲೆ ಶೇ 18 ಐಜಿಎಸ್‌ಟಿ 1,94,850. ಕಟ್ಟಬೇಕಾದ್ದು 2,77,350.

ಅಕ್ಕಿ ಗಿರಣಿಯವರು ಎಡವುವ ಜಾಗ ಈ 1,94,850. ಜೀನ್ಸ್‌ನವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ನೀವು ದೇಶದೊಳಗೆ ಮಾರುವ ದೊಡ್ಡ ಚೀಲಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ಆ ಪಾಲಿನ ಕ್ರೆಡಿಟ್ ಬಿಡಬೇಕು. ರಫ್ತಿನ ಪಾಲಿಗೆ ಕ್ರೆಡಿಟ್ ಸಿಗುತ್ತದೆ, ಆದರೆ ಎಲ್‌ಯುಟಿ ರಫ್ತಿನ ಮರುಪಾವತಿ ಸೂತ್ರದಲ್ಲಿ ಯಂತ್ರದ ತೆರಿಗೆ ಸೇರುವುದಿಲ್ಲ. ಯಂತ್ರದ ಬೆಲೆಯೊಳಗೇ ಇದನ್ನು ಹಿಡಿದು ಲೆಕ್ಕ ಹಾಕಿ.

ರಫ್ತುದಾರರ ಯಂತ್ರಗಳಿಗಿರುವ ಇಪಿಸಿಜಿ ಯೋಜನೆಯಲ್ಲಿ ಸುಂಕವಿಲ್ಲದೆ ತರಬಹುದು. ಆದರೆ ಉಳಿಸಿದ ಸುಂಕದ ಆರು ಪಟ್ಟು ರಫ್ತನ್ನು ಆರು ವರ್ಷದಲ್ಲಿ ಮಾಡಬೇಕು, ಮೇಲಿನ ಲೆಕ್ಕಕ್ಕೆ 16,64,100 ರೂ. ಅದರಲ್ಲಿ ಅರ್ಧ ಮೊದಲ ನಾಲ್ಕು ವರ್ಷದೊಳಗೆ. ಮುಗಿಸದಿದ್ದರೆ ಸುಂಕ, ಮೇಲೆ ಬಡ್ಡಿ. ಅಕ್ಕಿ ರಫ್ತು 14 ತಿಂಗಳು ನಿಂತದ್ದನ್ನು ಈಗಷ್ಟೇ ಬರೆದೆ, ಅದನ್ನು ನೆನಪಿಟ್ಟು ನಿರ್ಧರಿಸಿ. ಹಳೇ ಯಂತ್ರಕ್ಕೆ ಈ ಯೋಜನೆ ಇಲ್ಲ.

ಬಿಲ್ ಆಫ್ ಎಂಟ್ರಿಯನ್ನು (ಕಸ್ಟಮ್ಸ್‌ಗೆ ಕೊಡುವ ಆಮದಿನ ಅರ್ಜಿ) ಹಡಗು ಬರುವ ಮುಂಚೆಯೇ ಹಾಕಿಸಿ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂ. ಅದು ಸರ್ಕಾರದ್ದು. ಟರ್ಮಿನಲ್ ಬಾಡಿಗೆ ಬೇರೆ, ಶಿಪ್ಪಿಂಗ್ ಲೈನ್‌ನ ಡಿಟೆನ್ಷನ್ (ಪೆಟ್ಟಿಗೆ ತಡವಾಗಿ ಮರಳಿಸಿದ್ದಕ್ಕೆ ಶುಲ್ಕ) ಬೇರೆ. ಕಂಟೇನರನ್ನು ಕಾರಟಗಿತನಕ ತಂದು ಯಂತ್ರ ಇಳಿಸಿ ಖಾಲಿ ಪೆಟ್ಟಿಗೆ ಚೆನ್ನೈಗೆ ವಾಪಸ್ ಮುಟ್ಟಿಸುವ ತನಕ ಆ ಡಿಟೆನ್ಷನ್ ಎಣಿಕೆ ನಿಲ್ಲುವುದಿಲ್ಲ. ಚೀನಾದ ಮಾರಾಟಗಾರ ಹಡಗು ಗೊತ್ತುಮಾಡುವಾಗಲೇ 14 ದಿನ ಉಚಿತ ಅವಧಿ ಕೇಳಿಸಿ, ಅದನ್ನು ಬಿಎಲ್ ಮೇಲೆ ಬರೆಸಿ.

ಗಂಗಾವತಿ ಲೋಡಿಂಗ್
ಇದಕ್ಕ ಒಂದು ಸೇರಿಸ್ತೀನಿ. ಆ ಖಾಲಿ ಪೆಟ್ಟಿಗೆ ವಾಪಸ್ ಹೋಗೋದು ಹೆಂಗೂ ಐತಿ. ಅದೇ ಶಿಪ್ಪಿಂಗ್ ಲೈನ್ ನಿಮ್ಮ ಅಕ್ಕಿಗೂ ಗೊತ್ತಾಗಿದ್ರ, ಯಂತ್ರ ಇಳಿದ ಪೆಟ್ಟಿಗಿಯಾಗೇ ಅಕ್ಕಿ ತುಂಬಲಿಕ್ಕೆ ಅನುಮತಿ ಕೇಳ್ರಿ. ಒಪ್ಪಿದ್ರ ಒಂದು ಕಡೆಯ ಖಾಲಿ ಬಾಡಿಗೆ ಪೂರ್ತಿ ಉಳೀತದ. ಆದ್ರ ಗ್ರೀಸ್, ಎಣ್ಣಿ ವಾಸನಿ ನೋಡದ ತುಂಬಬ್ಯಾಡ್ರಿ. 40 ಅಡಿ ಪೆಟ್ಟಿಗೆ ಬಂದಿದ್ರ ಆ ಯೋಚನಿ ಬಿಡ್ರಿ, ಅಕ್ಕಿಗೆ 20 ಅಡಿಯದೇ ಲೆಕ್ಕ ಸರಿ.

ಕಾರಟಗಿ ಮಿಲ್
5 ಕೆ.ಜಿ. ಪ್ಯಾಕ್ ಸಾಲು ಪೇರಿಸಿ ಎಣಿಸಿದ್ವಿ. 20 ಕೆ.ಜಿ. ಮಾಸ್ಟರ್ ಚೀಲ 1,150 ಹಿಡೀತಾವ, 23 ಟನ್. ದರಪತ್ರ ಅದರ ಪ್ರಕಾರ ತಿದ್ದಿ, ಎಫ್‌ಸಿಎ ಚೆನ್ನೈ ಅಂತ ಹಾಕಿ, ಪ್ರಮಾಣ ಟನ್ನಿನ್ಯಾಗ ಬರದು ಕಳಿಸ್ತೀವಿ. ಪ್ಯಾಕಿನ ಮ್ಯಾಲೆ ಅರಬ್ಬಿ ಅಕ್ಷರ ಯಾರು ಕೊಡಬೇಕು?

ಶಿಪ್ಪಿಂಗ್ ಬಿಲ್, ಬಳ್ಳಾರಿ
ಖರೀದಿದಾರರೇ ಕೊಡಬೇಕು. ಅವರು ಬರವಣಿಗೆಯಲ್ಲಿ ಒಪ್ಪಿದ ವಿನ್ಯಾಸ ಕೈಗೆ ಬರುವ ತನಕ ಬಿಒಪಿಪಿ ಹಾಳೆಗೆ ಅಚ್ಚು ಹಾಕುವ ಸಿಲಿಂಡರ್ ಮಾಡಿಸಬೇಡಿ. ತಯಾರಿಕೆ ದಿನಾಂಕ, ಮುಗಿಯುವ ದಿನಾಂಕ, ಮೂಲ ದೇಶ, ನಿವ್ವಳ ತೂಕ ಅರಬ್ಬಿಯಲ್ಲೂ ಇರಲಿ. ಅದೇ ದಿನಾಂಕ, ಅದೇ ಲಾಟ್ ಸಂಖ್ಯೆ ಪ್ಯಾಕಿಂಗ್ ಲಿಸ್ಟಿನಲ್ಲೂ ಬರಲಿ.